ಕಿವಿ ಮಷೀನಿಗೆ ಬೆಲ್ಲ-ಸುಣ್ಣ

ನನ್ನ ಕಿವಿ ಮಷೀನಿನ ಡಬ್ಬಿ ಕುಬಸದೊಳಗೇ ಇರುತ್ತದೆ. ಬಗ್ಗಿದಾಗಲೆಲ್ಲ ವೈರು ಜಗ್ಗಿ ಕಿತ್ತು ಬರುತ್ತಿತ್ತು. ಕಳೆದ ಸಲ ನಮ್ಮ ಯಜಮಾನರು ಬೆಲ್ಲ-ಸುಣ್ಣ ಕಲಸಿ ಅಂಟಿಸಿದರು. ಸ್ವಲ್ಪ ದಿನ ಕೇಳಿಸಿತು, ಆಮೇಲೆ ಯಾರ ಮಾತೂ ಇಲ್ಲ, ಬರೀ ಗೊರಗೊರ.

ಶಿಗ್ಗಾಂವದ ಕಾಲೇಜಿನಲ್ಲಿ ಕರೆಂಟಿನ ಕೆಲಸ ಕಲಿಯುವ ಮೊಮ್ಮಗಳು ಬಂದು ಡಬ್ಬಿ ಬಿಚ್ಚಿದಳು. ಅಯ್ಯ, ಏನು ಹೇಸಿಗೆ! ಕರಗಿ ಕಪ್ಪಾದ ಬೆಲ್ಲದಲ್ಲಿ ಇರುವೆ ಗಿಜಿಗಿಜಿ, ಸತ್ತವು ಅಲ್ಲೇ ಅಂಟಿದ್ದವು, ಮೇಲೆ ನನ್ನ ಬೆವರಿನ ಕಮಟು. ಇದನ್ನು ಎದೆಗೆ ಇಟ್ಟುಕೊಂಡು ತಿರುಗಿದೆನಲ್ಲ!

“ಅಜ್ಜಾ, ಇದು ಕಿವಿ ಮಷೀನೋ, ಇರುವಿ ಗೂಡೋ?” ಎಂದು ಅವಳು ಚೀರಿದ್ದು ನನಗೂ ಕೇಳಿಸಿತು.

“ಬೆಲ್ಲ-ಸುಣ್ಣ ಒಡದ ಗಡಿಗೀನ ಹಿಡಿತೈತಿ, ಇದೇನವಾ!” ಎಂದು ಅವರೂ ಚೀರಿದರು.

ಅವಳು ಎಲ್ಲ ಕೆರೆದು ತೊಳೆದು, ಒಳಗಿನ ಹಸಿರು ಸರ್ಕೀಟು ಹಲಗೆಗೆ ವೈರನ್ನು ಬೆಸೆದಳು. ಬೆಸುಗೆಯ ಪಕ್ಕದ ತೂತಿನಲ್ಲಿ ನಾನು ಕೌದಿ ಹೊಲಿಯುವ ದಾರ ಪೋಣಿಸಿ ವೈರನ್ನು ಬಿಗಿದಳು. ಇನ್ನು ಎಳೆತವೆಲ್ಲ ದಾರಕ್ಕೆ, ಬೆಸುಗೆಗಲ್ಲ.

“ಜಗ್ಗಿ ನೋಡಬೇ, ಅಜ್ಜಿ!” ಎಂದು ನನ್ನ ಕಿವಿಯ ಹತ್ತಿರ ಕೂಗಿದಳು.

ಜಗ್ಗಿದೆ. ಬರಲಿಲ್ಲ! ಕಿವಿಗೆ ಹಾಕಿಕೊಂಡರೆ, ಕಟ್ಟೆಯ ಮೇಲೆ ಇವರು ಗೊಣಗುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು: “ಸುಣ್ಣ ತುಸು ಕಮ್ಮಿ ಬಿದ್ದಿತ್ತು.”

ಮೊಮ್ಮಗಳನ್ನು ಬಾಚಿ ತಬ್ಬಿಕೊಂಡೆ. ಆಮೇಲೆ ಎದ್ದು ಬೇರೆ ಕುಬಸ ತೊಟ್ಟು, ಇರುವೆಯ ಡಬ್ಬಿ ಹೊತ್ತಿದ್ದ ಆ ಕುಬಸವನ್ನು ಕುದಿಯುವ ನೀರಿಗೆ ಹಾಕಿದೆ.