ನಾಲ್ಕನೇ ಲೈನಿನ ರತ್ನಮ್ಮ

ಕೋವಿಡ್ ಮುಗಿದ ಮರುವರ್ಷ ನಾನು ಬಾಶೆಟ್ಟಿಹಳ್ಳಿಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರ್ ಆಗಿದ್ದೆ. ಹೆಸರು ದೊಡ್ಡದು. ಕೆಲಸವೆಂದರೆ ಸ್ಟಾಪ್‌ವಾಚ್ ಹಿಡಿದು ಹೆಂಗಸರ ಬೆನ್ನ ಹಿಂದೆ ನಿಂತು, ಯಾರು ಎಷ್ಟು ಸೆಕೆಂಡಿಗೆ ಹೊಲಿಯುತ್ತಾರೆಂದು ಬರೆದುಕೊಳ್ಳುವುದು. ಉಳಿದ ಹೊತ್ತು ಚಿಂತೆ ಮಾಡುವುದು. ಅದನ್ನು ಮಾಡೆಂದು ಯಾರೂ ಹೇಳಿರಲಿಲ್ಲ.

ಒಂದು ಸೋಮವಾರ ಮ್ಯಾನೇಜರ್ ಕರೆದು, 'ಶನಿವಾರದೊಳಗೆ ನಾಲ್ಕನೇ ಲೈನ್ ದಿನಕ್ಕೆ ಆರುನೂರು ಶರ್ಟ್ ಮುಟ್ಲಿಲ್ಲ ಅಂದ್ರೆ ಮುಚ್ತೀವಿ' ಎಂದರು. ಲೈನ್ ಎಂದರೆ ಸಾಲಾಗಿ ಇಟ್ಟ ಮೂವತ್ತಾರು ಯಂತ್ರಗಳು. ಒಬ್ಬರು ಭುಜ, ಮುಂದಿನವರು ಕಾಲರ್, ಅವರ ಮುಂದಿನವರು ತೋಳು, ಕೊನೆಗೆ ಶರ್ಟ್. ಮುಚ್ಚಿದರೆ ಮೂವತ್ತಾರು ಹೆಂಗಸರು ಗೇಟಿನಾಚೆ. ಆಗ ಬರುತ್ತಿದ್ದದ್ದು ಐನೂರ ನಲವತ್ತು.

ನನ್ನ ಹಾಳೆಯ ಪ್ರಕಾರ ತಪ್ಪಿತಸ್ಥೆ ಕಾಲರ್ ಕೂರಿಸುವ ರತ್ನಮ್ಮ. ಎಲ್ಲರಿಗಿಂತ ನಿಧಾನ. ಅವರನ್ನು ದಾರ ಕತ್ತರಿಸುವ ಟೇಬಲ್ಲಿಗೆ ಕಳಿಸಿ, ಬೇರೆ ಲೈನಿನಿಂದ ವೇಗದ ಹುಡುಗಿಯೊಬ್ಬಳನ್ನು ತಂದೆ. ಮಂಗಳವಾರ ನಾನೂರ ತೊಂಬತ್ತು. ಗಾಬರಿಯಾಗಿ ಇನ್ನಿಬ್ಬರು ನಿಧಾನದವರನ್ನೂ ಎಬ್ಬಿಸಿ ವೇಗದವರನ್ನು ತಂದೆ. ಬುಧವಾರ ನಾನೂರ ಹತ್ತು. ಒಬ್ಬೊಬ್ಬರನ್ನೇ ಅಳೆದರೆ ಎಲ್ಲರೂ ಮಿಂಚು. ಶರ್ಟು ಮಾತ್ರ ಹೊರಗೆ ಬರುತ್ತಿಲ್ಲ. ಬಿಪಿ ಮಾತ್ರೆ ಎರಡು ಸಲ ನುಂಗಿದೆನೋ, ಒಂದೂ ನುಂಗಲಿಲ್ಲವೋ ತಿಳಿಯದ ಸ್ಥಿತಿ.

ಗುರುವಾರ ನೋಡಿದರೆ, ತೋಳು ಹೊಲಿಯುವ ಶಾಂತಾ ಹೊಲಿಗೆ ಬಿಚ್ಚುತ್ತಾ ಅಳುತ್ತಿದ್ದಾಳೆ.

'ಯಾಕಮ್ಮಾ, ಕೈ ಓಡ್ತಿಲ್ವಾ?'

'ಎಲ್ಲಿಂದ ಓಡುತ್ತೆ ಸಾರ್? ರತ್ನಕ್ಕ ಎರಡೂ ಭುಜ ಸಮ ಇದೆಯಾ ನೋಡಿ, ಬಟ್ಟೆ ನನ್ ಕಡೆಗೇ ತಿರುಗ್ಸಿ ಇಡೋರು. ಹಿಂದಿನೋರು ತಪ್ಪು ಹೊಲಿದಿದ್ರೆ ಅಲ್ಲೇ ವಾಪಸ್ ತಳ್ಳೋರು. ಈಗ ಎಲ್ಲಾ ಆದ್ಮೇಲೆ ಬಿಚ್ಬೇಕು. ಅಷ್ಟೊತ್ತು ರತ್ನಕ್ಕನ ಹಿಂದೆ ನಿಂತಿದ್ರಲ್ಲ, ಏನ್ ಸಾರ್ ನೋಡ್ತಿದ್ರಿ?'

ನೋಡಿದ್ದೆ. ರತ್ನಮ್ಮ ಭುಜ ನೋಡಿ, ಬಟ್ಟೆ ತಿರುಗಿಸಿಡುವ ಹೊತ್ತನ್ನೆಲ್ಲ 'ವ್ಯರ್ಥ' ಎಂಬ ಕಾಲಂನಲ್ಲಿ ಬರೆದಿದ್ದೆ, ದುಂಡನೆಯ ಅಕ್ಷರದಲ್ಲಿ.

ಟೇಬಲ್ಲಿನ ಬಳಿ ಹೋಗಿ, 'ಲೈನಿಗೆ ಬನ್ನಿ ರತ್ನಮ್ಮ' ಎಂದೆ. ಅವರು ತಲೆ ಎತ್ತಲಿಲ್ಲ.

'ಸ್ಲೋ ಅಂತ ಬರ್ದು ಸೈನ್ ಹಾಕಿಸ್ಕೊಂಡ್ರಲ್ಲ. ಈಗ ಬಂದು ಏನ್ ಕಡಿದು ಕಟ್ಟೆ ಹಾಕ್ಲಿ?'

'ತಪ್ಪಾಯ್ತು.'

'ನನ್ಹತ್ರ ಯಾಕೆ? ಆ ಹೆಣ್ಮಕ್ಕಳ ಮುಂದೆ ಹೇಳಿ.'

ಯಂತ್ರಗಳನ್ನೆಲ್ಲ ನಿಲ್ಲಿಸಿ ಹೇಳಿದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ, ಅವರಿಗೆ ಕೇಳಿಸಿತು. ರತ್ನಮ್ಮ ಬಂದು ಕೂತರು. ನಾನು ಎಬ್ಬಿಸಿದ್ದ ಇಬ್ಬರೂ ಮರಳಿದರು, ತಂದಿದ್ದ ಮೂವರು ತಮ್ಮ ಲೈನಿಗೆ ಹೋದರು. ಅಂದಿನಿಂದ ಶಾಂತಾಳೂ ತೋಳು ಹೊಲಿದ ಬಟ್ಟೆಯನ್ನು ಮುಂದಿನವಳ ಕಡೆ ತಿರುಗಿಸಿಯೇ ಇಡತೊಡಗಿದಳು. ಅವಳನ್ನು ನೋಡಿ ಅವಳ ಮುಂದಿನವಳು. ಶುಕ್ರವಾರ ಐನೂರ ಅರವತ್ತು. ಶನಿವಾರ ಐನೂರ ತೊಂಬತ್ತೆರಡು. ಎಂಟು ಕಮ್ಮಿ.

ಗಂಟೆವಾರು ಹಾಳೆಯನ್ನು ಮ್ಯಾನೇಜರ್ ಮುಂದಿಟ್ಟು, ಇಳಿತ ಶುರುವಾದದ್ದು ನಾನು ಕೈಹಾಕಿದ ಗಂಟೆಯಿಂದ ಎಂದು ಬೆರಳಿಟ್ಟು ತೋರಿಸಿದೆ.

'ಹಂಗಾದ್ರೆ ಮುಚ್ಬೇಕಾಗಿರೋದು ಲೈನ್ ಅಲ್ಲ ಕಣ್ರೀ, ನಿಮ್ ಬಾಯಿ' ಎಂದರು ಅವರು. 'ಇನ್ನೊಂದು ವಾರ ಕೊಡ್ತೀನಿ. ನೀವು ಮಾತ್ರ ಆ ಕಡೆ ಸುಳೀಬೇಡಿ.'

ಸುಳಿಯಲಿಲ್ಲ. ಬುಧವಾರಕ್ಕೇ ಲೈನ್ ಆರುನೂರು ದಾಟಿತು.

ಮೂವತ್ತಾರು ಚುರುಕು ಕೈಗಳನ್ನು ಕೂಡಿಸಿದ ಮಾತ್ರಕ್ಕೆ ಲೈನ್ ಆಗುವುದಿಲ್ಲ ಎಂಬುದು ನಾನು ಕಲಿತ ಪಾಠ. ಈಗ ಯಾರನ್ನು ಅಳೆಯಬೇಕಾದರೂ ಮೊದಲು ಅವರ ಮುಂದಿನ ಯಂತ್ರದವರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು, 'ಇವರು ರಜೆ ಹಾಕಿದ ದಿನ ನಿಮಗೇನಾಗುತ್ತೆ?' ಎಂದು ಕೇಳುತ್ತೇನೆ.