ತೆನೆಯ ಮೇಲೆ ಎಂಟು ಗಾಲಿ

ಯಾರಿಗಾದರೂ ಕೊಟ್ಟುಬಿಡೋಣವೆಂದು ಅಟ್ಟದಿಂದ ಇಳಿಸಿದ ಸ್ಕೇಟ್ ಬೂಟನ್ನು ಇವತ್ತು ಬೋರಲು ಮಾಡಿ ಕೊಡವಿದೆ. ಒಂದು ಜೋಳದ ಕಾಳು ಫರಶಿಯ ಮೇಲೆ ಬಿತ್ತು. ಸೊಲ್ಲಾಪುರದ ಮನೆಯಲ್ಲಿ ಜೋಳದ ಕಾಳು ಸಿಕ್ಕರೆ ಸುದ್ದಿಯಲ್ಲ. ಆದರೆ ಈ ಕಾಳು ಎಲ್ಲಿಯದೆಂದು ನನಗೆ ಗೊತ್ತು. ಗೊತ್ತು ಅಂದುಕೊಂಡಿದ್ದೇನೆ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ನೀವೂ ಅರ್ಧವೇ ನಂಬಿ.

ಒಂದೇ ಸಾಲಿನಲ್ಲಿ ನಾಲ್ಕು ಗಾಲಿಯಿರುವ ಈ ಬೂಟನ್ನು ನಾನು ಮೊದಲು ಕಟ್ಟಿಕೊಂಡದ್ದು ನನ್ನ ಮೂವತ್ತೆಂಟನೇ ವಯಸ್ಸಿನಲ್ಲಿ. ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತು ಕೂತು ಸೊಂಟ ಹಿಡಿದಿತ್ತು. ಕಲಿಸಿದವಳು ದೊಡ್ಡಪ್ಪನ ಮಗಳು ಶಾಂತಕ್ಕ, ಅಕ್ಕಲಕೋಟೆಯ ಶಾಲೆಯೊಂದರಲ್ಲಿ ಆಟದ ಟೀಚರು. ಊರೊಳಗೆ ನಮ್ಮ ಶತ್ರು ನೂಲು. ಮಗ್ಗದ ಓಣಿಗಳಲ್ಲಿ ಬಿದ್ದ ಎಳೆಗಳು ಸುತ್ತಿಕೊಂಡು ಗಾಲಿ ನಿಲ್ಲುತ್ತಿತ್ತು, ನಾನು ನಿಲ್ಲುತ್ತಿರಲಿಲ್ಲ.

"ಖಡಿ, ಸಣ್ಣ ಕಲ್ಲ ಬಂದ್ರ ಬ್ರೇಕ್ ಹಾಕಬ್ಯಾಡ. ಒಂದ ಕಾಲ ಮುಂದ, ಒಂದ ಹಿಂದ. ಮೊಣಕಾಲ ಬಗ್ಗಸು, ಹಂಗ ಹೋಗಿಬಿಡು," ಎನ್ನುತ್ತಿದ್ದಳು ಅಕ್ಕ. ರೋಡ್ ಬ್ರೇಕರಿಗೂ ಅದೇ ಮಂತ್ರ. ನಾನಾದರೋ ರೋಡ್ ಬ್ರೇಕರ್ ಕಂಡರೆ ಅದರ ಮೇಲೆ ಕೂತು, ಆಚೆ ಇಳಿಯುತ್ತಿದ್ದೆ.

ಒಂದು ಭಾನುವಾರ ಅವಳ ಅತ್ತೆಯ ಊರು ತಡವಳದ ರಸ್ತೆಗೆ ಹೋದೆವು. ಇಳಿಜಾರು. ಕೆಳಗೆ ಡಾಂಬರಿನ ಮೇಲೆ ಜೋಳದ ತೆನೆ ಹಾಸಿದ್ದರು, ಬಸ್ಸು ಲಾರಿ ಹಾದು ಕಾಳು ಬಿಡಿಸಲೆಂದು. ಆಚೆ ಇನ್ನೂ ಹಾಸದ ತೆನೆಯ ಆಳೆತ್ತರದ ಗುಂಪಿ. ಹಿಂದಿನಿಂದ ಅಕ್ಕ ಅವಸರಕ್ಕೆ ಇಡೀ ಮಂತ್ರವನ್ನು ಒಂದೇ ಶಬ್ದಕ್ಕೆ ಇಳಿಸಿ ಕೂಗಿದಳು: "ಬಗ್ಗ್!"

ನಾನು ಮರಾಠಿ ಶಾಲೆಯಲ್ಲಿ ಓದಿದವಳು. ಗಾಬರಿಯಾದರೆ ನನ್ನ ಕಿವಿ ಮರಾಠಿಯದು. ಬಘ್ ಎಂದರೆ ನೋಡು. ನೋಡಿದೆ. ಗುಂಪಿಯ ನೆರಳಿನಲ್ಲಿ ಹಸಿರು ಸೀರೆ, ರಸ್ತೆಗೆ ಚಾಚಿದ ಎರಡು ಕಾಲು. ಬಗ್ಗಿ ನೇರ ಹೋಗಿದ್ದರೆ ಆ ಕಾಲುಗಳ ಮೇಲೆಯೇ ಹೋಗುತ್ತಿದ್ದೆ. ಪಕ್ಕಕ್ಕೆ ಬಿದ್ದು ತೆನೆಯೊಳಗೆ ಉರುಳಿದೆ.

ತೆನೆ ಕಾಯುತ್ತ ಮಲಗಿದ್ದ ಅಜ್ಜಿ ಎದ್ದು ಕೂತಳು. "ಟ್ರಕ್ ಬರ್ತಾವಂತ ಹಾಸೀನಿ, ನೀ ಬಂದಿಯೇನವಾ!"

"ಬಗ್ಗ್ ಅಂದ್ರ ಬಗ್ಗಬೇಕ, ಹುಚ್ಚಿ!" ಓಡಿಬಂದ ಅಕ್ಕ ಬೈದಳು.

"ನೀ ಬಘ್ ಅಂದಿ, ನೋಡಿದೆ!"

ಇನ್ನು ಈ ಬೂಟು ಮುಟ್ಟುವುದಿಲ್ಲವೆಂದು ಲೇಸು ಬಿಚ್ಚತೊಡಗಿದೆ.

"ಯಾಕ ಬಿಚ್ಚತಿ? ಅರ್ಧಾ ತೆನಿ ಹಂಗ ಉಳದಾವ," ಎಂದಳು ಅಜ್ಜಿ. "ಏಳ, ಇನ್ನೊಂದ ಸುತ್ತ ಹೊಡಿ. ನಾ ಹಿಡೀತೀನಿ." ಒರಟು ಅಂಗೈಯಿಂದ ನನ್ನ ಎಡ ಮೊಣಕೈ ಹಿಡಿದು, ಬರಿಗಾಲಲ್ಲಿ ತೆನೆ ತುಳಿಯುತ್ತ ಪಕ್ಕದಲ್ಲೇ ನಡೆದಳು. ಗಾಲಿಯ ಕೆಳಗೆ ಕಾಳು ಚಟಚಟ ಬಿಟ್ಟವು. ನಾನು ದಾಟಿದೆ.

ಈಗ ಫೋನ್ ಮಾಡಿ ಕೇಳಿದರೆ ಅಕ್ಕನ ಕಥೆಯೇ ಬೇರೆ. ಅವಳು ಕೂಗಿದ್ದು "ನಿಲ್ಲು" ಅಂತೆ. ಅಜ್ಜಿ ಅಲ್ಲಿಂದ ಬಹಳ ದೂರ ಇದ್ದಳಂತೆ. ನಾನು ಬಿದ್ದದ್ದು ಬರೀ ಹೆದರಿಕೆಗಂತೆ. ಇರಬಹುದು. "ಮತ್ತ ಅಜ್ಜಿ ಕೈ ಹಿಡದದ್ದು?" ಎಂದೆ. ಅಕ್ಕ ಅಂದಳು: "ಅದು ಖರೇ. ಅದಕ್ಕ ನೀ ಕಲತಿ."

ಬೂಟನ್ನು ಯಾರಿಗೂ ಕೊಡಲಿಲ್ಲ. ಕಟ್ಟಿಕೊಂಡು ಓಣಿಗಿಳಿದೆ. ರೋಡ್ ಬ್ರೇಕರ್ ಬಂತು. ಮೊಣಕಾಲು ಬಗ್ಗಿಸಿದೆ, ಮುಂದೆ ನೋಡಿದೆ. ಎಡ ಮೊಣಕೈಯನ್ನು ಮಾತ್ರ ಮೈಯಿಂದ ತುಸು ದೂರ ಇಟ್ಟುಕೊಂಡಿದ್ದೆ, ಹಿಡಿಯುವವರಿಗೆ ಅನುಕೂಲವಾಗಲಿ ಎಂದು.