ಮೈಕು ನನ್ನ ಕೈಯಾಗಿತ್ತು

ನಮ್ಮ ಕಾಲೇಜಿನ ಸಾಂಸ್ಕೃತಿಕ ಸಪ್ತಾಹಕ್ಕ ಅಂತ ವೇದಿಕೆ ಮ್ಯಾಲ ತೆಂಗಿನ ಗರಿ ಹೊಚ್ಚಿ ಒಂದು ಗುಡಿಸಲ ಕಟ್ಟಿದ್ದರು ನೋಡ್ರಿ, ಅದನ್ನ ಕಂಡಾಗಿಂದ ನನ್ನ ಪಿತ್ತ ನೆತ್ತಿಗೇರಿತ್ತು. ವಿಜಯಪುರದ ಸುತ್ತಮುತ್ತ ತೆಂಗಿನ ಗರಿ ಹೊಚ್ಚಿದ ಮನಿ ಯಾರು ಕಂಡಾರ? ನಮ್ಮ ಕಡೆ ಹಳ್ಳಿ ಅಂದ್ರ ಮಣ್ಣಿನ ಮಾಳಗಿ ಮನಿ, ಹಿತ್ತಲದಾಗ ಜೋಳದ ಕಣಿಕಿ ಬಣವಿ. ಇಲ್ಲೇ ಬಾಜೂಕಿನ ಭೂತನಾಳದಾಗ ಯಾವ ರೈತನ್ನ ಕೇಳಿದ್ರೂ ನಾಕು ಹೊರಿ ಕಣಿಕಿ ಸುಮ್ಮನ ಕೊಡತಿದ್ದ. ಆದ್ರ ಟಿವಿಯಾಗ ಹಳ್ಳಿ ಹಂಗ ಕಾಣಂಗಿಲ್ಲಲ್ಲ. ಎಲ್ಲಿಂದಲೋ ಟೆಂಪೋದಾಗ ಗರಿ ತರಿಸಿ, ಅದರ ಮುಂದ ಒಂದು ಬೀಸುಕಲ್ಲಿಟ್ಟು, ಕಲ್ಲಿಗೆ ಚೆಂಡಹೂವಿನ ಮಾಲಿ ಹಾಕಿದ್ದರು.

ನಾನು ಆ ಕಾಲೇಜಿನಾಗ ಕನ್ನಡ ಕಲಿಸ್ತೀನಿ. ಅತಿಥಿ ಉಪನ್ಯಾಸಕಿ. ಏಳು ವರ್ಷದ ಅತಿಥಿ ನಾನು, ಯಾರ ಮನಿಯಾಗೂ ಅತಿಥಿನ್ನ ಇಷ್ಟು ದಿನ ಹೊಸ್ತಿಲ ಮ್ಯಾಲ ನಿಂದ್ರಸಂಗಿಲ್ಲ. ಮುಂದಿನ ವರ್ಷ ಕರೀಬೇಕೋ ಬ್ಯಾಡೋ ಅನ್ನೋದನ್ನ ಆಡಳಿತ ಮಂಡಳಿಯವರು ಬ್ಯಾಸಗಿ ಸೂಟಿ ಮುಗಿಯೂ ಹೊತ್ತಿಗೆ ಕುಂತು ಠರಾಯಿಸ್ತಾರ. ಅಲ್ಲಿ ಸಪ್ತಾಹದ ಸಂಚಾಲಕರ ಮಾತು ಭಾಳ ನಡೀತೈತಿ. ಅವರ ನನಗ ‘ಮೇಡಂ, ನಿಮ್ಮ ಧ್ವನಿ ಚಲೋ ಐತ್ರಿ’ ಅಂತ ಹೇಳಿ ಏಳೂ ದಿನದ ನಿರೂಪಣೆ ನನ್ನ ಕೊರಳಿಗೆ ಕಟ್ಟಿದ್ದರು.

ಗುರುವಾರ ಜಾನಪದದ ದಿನ. ತಯಾರಿ ಮೀಟಿಂಗಿನಾಗ ಅವರು, ಬರೇ ಹುಡುಗರ ಕುಣಿತ ಆದ್ರ ಚಂದ ಕಾಣಂಗಿಲ್ಲ, ಖರೇ ಹಳ್ಳಿ ಹೆಣ್ಣಮಕ್ಕಳ ಹಾಡು ಬೇಕು ಅಂದರು. ನಾನು ಸುಮ್ಮನಿರಬೇಕೋ ಬ್ಯಾಡೋ? ನಮ್ಮ ಅವ್ವ ಹಾಡತಾಳ್ರಿ ಸರ, ಅಂದ್ಬಿಟ್ಟೆ. ಎಲ್ಲಾರೂ ನನ್ನ ಕಡೆ ತಿರುಗಿ ನೋಡಿದಾಗ ಎದಿ ಉಬ್ಬಿತ್ತು ನನಗ. ಈಗ ನೆನಿಸಿಕೊಂಡ್ರ ಆ ಬಾಯಿಗೆ ಎರಡು ಬಾರಿಸಬೇಕು ಅನಸತೈತಿ.

ನಮ್ಮೂರು ಹೊನವಾಡದಾಗ ನಮ್ಮ ಮನಿಗೂ ಚಾಚಿ ಮನಿಗೂ ನಡುವ ಒಂದ ಗ್ವಾಡಿ. ಚಾಚಿ ನಮ್ಮ ರಕ್ತಸಂಬಂಧ ಅಲ್ಲ, ಅವರು ಮುಸಲ್ಮಾನರು. ಆದ್ರ ಅವ್ವ ಲಗ್ನಾಗಿ ಈ ಊರಿಗೆ ಬಂದ ವರ್ಷದಿಂದ ಇಬ್ಬರೂ ಒಂದ ಬೀಸುಕಲ್ಲಿಗೆ ಕುಂತಾರ. ಈಗ ಜೋಳ ಗಿರಣಿಗೆ ಹೋಗತೈತಿ, ತೊಗರಿ ಬ್ಯಾಳಿ ಮಾತ್ರ ಇವತ್ತಿಗೂ ಮನಿಯಾಗ ಒಡೀತಾರ. ಎದರಾಬದರಾ ಕುಂಡ್ರತಾರ, ಮೊಣಕಾಲಿಗೆ ಮೊಣಕಾಲ ಹತ್ತೂವಂಗ. ಒಂದ ಗೂಟಕ್ಕ ಇಬ್ಬರ ಕೈ. ಇಕಿ ಎಳದ್ರ ಅಕಿ ಬಿಡತಾಳ, ಅಕಿ ಎಳದ್ರ ಇಕಿ ಬಿಡತಾಳ. ಹಾಡೂ ಹಂಗ, ಒಂದ ಸಾಲು ಇಕಿ ಎತ್ತಿದ್ರ ಮುಂದಿಂದು ಅಕಿ ಹಿಡೀತಾಳ. ಒಬ್ಬಾಕಿ ಮಾರಿ ಇನ್ನೊಬ್ಬಾಕಿಗೆ ಕಾಣದಿದ್ರ ಅವರ ಹಾಡು ಮುಂದ ಹೋಗಂಗಿಲ್ಲ.

ಅದಕ್ಕ ಅವರದ ಒಂದು ರೀತಿ ಐತಿ. ಖಾಲಿ ಕಲ್ಲು ತಿರುವಬಾರದು. ಕಲ್ಲಿನ ಬಾಯಾಗ ಕಾಳ ಇರೂತನಕ ಎದ್ದು ಹೋಗಬಾರದು. ಕಡೀ ಹಿಡಿ ಕಾಳು ಹಾಕಿದಾಗ ಮನಿ ಹೆಣ್ಣಮಕ್ಕಳನ್ನ ಹೆಸರ ಹಿಡದು ಹರಸಬೇಕು. ಮೊದಲ ಚಾಚಿಯ ಇಬ್ಬರು ಹೆಣ್ಣಮಕ್ಕಳು, ಒಬ್ಬಾಕಿನ್ನ ಬಬಲೇಶ್ವರಕ್ಕ ಕೊಟ್ಟಾರ, ಇನ್ನೊಬ್ಬಾಕಿನ್ನ ತಿಕೋಟಾಕ್ಕ. ಎಲ್ಲಾರಕ್ಕಿಂತ ಸಣ್ಣಾಕಿ ಅಂತ ನನ್ನ ಪಾಳಿ ಕಡೀಕ. ಕೂಸಿದ್ದಾಗ ನಾನು ಚಾಚಿ ಬಾಜೂಕ ಮಲಗಿರ್ತಿದ್ದೆ, ನನ್ನ ಹೆಸರು ಬಂದಕೂಡಲೆ ಎಚ್ಚರಾಗತಿತ್ತು.

ಕಾಲೇಜಿಗೆ ಬಾ ಅಂದಾಗ ಅವ್ವ ಒಲ್ಲೆ ಅಂದಳು. ಕಲತ ಮಂದಿ ಮುಂದ ನಾವೇನ ಹಾಡೂದು, ನಗತಾರ ಅಂದಳು. ಚಾಚಿನ ಅಕಿನ್ನ ಒಪ್ಪಿಸಿದ್ದು. ಮುಂದಿನ ಐತವಾರ ನಾನು ಊರಿಗೆ ಹೋದಾಗ ಅವ್ವ ತಾನ ತೊಗರಿ ಹಸನ ಮಾಡಕೋತ ಕುಂತಿದ್ದಳು. ಮಾರಿ ಎತ್ತದ ಹೇಳಿದಳು:

“ನಿನ್ನ ಹುಡುಗರ ಮುಂದ ನಿನಗ ಹರಸಬೇಕು ನೋಡ ಬೇ. ಅದೊಂದಕ್ಕ ಬರ್ತೀನಿ.”

ಅದು ಅಕಿಗೆ ಎಷ್ಟು ದೊಡ್ಡದು ಅಂತ ನನಗ ಗೊತ್ತಿತ್ತು. ನಾನು ಪಿಯುಸಿ ಮುಗಿಸಿದಾಗ ನಮ್ಮ ಕಾಕಾಗೋಳು, ಇಷ್ಟ ಸಾಕು, ಲಗ್ನ ಮಾಡ್ರಿ ಅಂದಿದ್ದರು. ಅವ್ವ ಮೂರು ದಿನ ಮನಿಯಾಗ ಯಾರ ಜೋಡಿನೂ ಮಾತಾಡಲಿಲ್ಲ. ನಾಕನೇ ದಿನ ಬಸ್ ಪಾಸಿಗೆ ಫೋಟೋ ತಗಸಾಕ ನನ್ನ ಕೈ ಹಿಡಕೊಂಡು ತಿಕೋಟಾಕ್ಕ ಹೋದಳು. ಆ ಬಸ್ಸು ನನ್ನನ್ನ ಮುಟ್ಟಿಸಿದ ಜಾಗಾ, ನಾನು ಕಲಿಸೂ ಈ ಕಾಲೇಜು, ಅಕಿ ಇನ್ನೂ ಒಮ್ಮೆನೂ ಕಣ್ಣಿಲೆ ಕಂಡಿರಲಿಲ್ಲ. ಪೂರಾ ಹಾಡು ಹಾಡಸ್ತೀನಿ ಯವ್ವಾ, ಕಡೀತನಕ, ಅಂತ ನಾನು ಮಾತು ಕೊಟ್ಟೆ.

ಸಪ್ತಾಹ ಸುರುವಾತು. ರಂಗೋಲಿ ಸ್ಪರ್ಧಾ ಇಟ್ಟಿದ್ದರು, ನೋಡಾಕ ಬಂದ ಅತಿಥಿಗಳ ಅದನ್ನ ತುಳದು ಹೋದರು. ಅಥಣಿ ರಸ್ತೆ ಲೇಔಟಿನ ಹಿರೇರನ್ನ ಕಣ್ಣಿನ ತಪಾಸಣೆ ಐತಿ ಬರ್ರಿ ಅಂತ ಕರದು, ಡಾಕ್ಟರಿಗೆ ಸನ್ಮಾನ ಮಾಡೂದರಾಗ ಅರ್ಧ ದಿನ ಕಳದರು. ಪಾಪ, ಕುಂತ ಮುದುಕರು ಕುಂತಲ್ಲೇ ತೂಕಡಿಸಿದರು. ದಿನಾ ಭಾಷಣ, ದಿನಾ ಶಾಲು. ‘ನಮ್ಮ ಸಂಸ್ಕೃತಿ, ನಮ್ಮ ಮಣ್ಣು’ ಅಂತ ಎಷ್ಟ ಸಲ ಹೇಳಿದರೋ, ಹೇಳಿದ ಒಬ್ಬರ ಚಪ್ಪಲಿಗೂ ಮಣ್ಣು ಹತ್ತಿರಲಿಲ್ಲ. ಅವರ ಮಾತಿಗೆಲ್ಲ ಶುದ್ಧ ಕನ್ನಡದಾಗ ಮೈಕ್ ಹಿಡದು ಹೂ ಏರಿಸಿದಾಕಿ ನಾನು. ನಮ್ಮ ಮನಿ ಮಾತು ಅಲ್ಲಿ ಒಂದೂ ನನ್ನ ಬಾಯಾಗ ಬರಲಿಲ್ಲ.

ಗುರುವಾರ ಮುಂಜಾನೆ ಬಸ್ಸಿಗೆ ಇಬ್ಬರೂ ಬಂದರು. ಅವ್ವ ಇಳಕಲ್ ಸೀರಿ ಉಟ್ಟಿದ್ದಳು, ಚಾಚಿ ಈದಿಗೆ ತಂದಿದ್ದ ಹಸರ ಸೀರಿ. ಅವ್ವನ ಕೈಯಾಗ ತೊಗರಿ ಗಂಟು. ಅವತ್ತು ಹುಡುಗ್ಯಾರೆಲ್ಲ ಹಳ್ಳಿ ವೇಷ ಹಾಕಿದ್ದರು. ಒಬ್ಬಾಕಿ ಅವ್ವನ ಸೆರಗು ಮುಟ್ಟಿ ನೋಡಿ, ಎಲ್ಲಿಂದ ಬಾಡಿಗಿ ತಂದೀರಿ ಆಂಟಿ, ಭಾಳ ಒರಿಜಿನಲ್ ಕಾಣಾಕತ್ತೈತಿ ಅಂದಳು. ಅವ್ವ, ಲಗ್ನದಾಗ ತಂದಿದ್ದು ತಂಗಿ, ಇನ್ನೂ ವಾಪಸ್ ಕೊಟ್ಟಿಲ್ಲ ಅಂದಳು. ಚಾಚಿ ಸೆರಗು ಬಾಯಿಗೆ ಹಿಡದು ನಕ್ಕಳು. ಅವತ್ತ ನಾವು ಮೂರೂ ಮಂದಿ ನಕ್ಕಿದ್ದು ಅದೊಂದ ಸಲ.

ಇಬ್ಬರೂ ವೇದಿಕೆ ಹತ್ತಿ ಕಲ್ಲಿನ ಎರಡೂ ಕಡೆ ಎದರಾಬದರಾ ಕುಂತರು. ಸಂಚಾಲಕರು ಓಡಿ ಬಂದರು. ಹಂಗ ಕುಂತ್ರ ಒಬ್ಬರ ಬೆನ್ನು ಅತಿಥಿಗಳ ಕಡೆ ಆಗತೈತಿ, ಅದು ಅವಮಾನ, ಇಬ್ಬರೂ ಸಭಿಕರ ಕಡೆ ಮಾರಿ ಮಾಡಿ ಸಾಲಾಗಿ ಕುಂಡ್ರಬೇಕು ಅಂದರು. ಹಂಗ ಕುಂತ್ರ ಗೂಟ ಹಿಡಿಯಾಕ ಬರಂಗಿಲ್ಲ ಯಪ್ಪಾ ಅಂದಳು ಅವ್ವ. ಸುಮ್ಮನ ತಿರುವಿದಂಗ ಮಾಡ್ರಿ ಸಾಕು ಅಂದರು ಅವರು. ತೊಗರಿ ಗಂಟು ಬಿಚ್ಚಾಕ ಹೋದ್ರ ಅದನ್ನೂ ತಡದರು, ಜಮಖಾನಿ ಹೊಲಸಾಗತೈತಂತ. ಖಾಲಿ ಕಲ್ಲು ತಿರುವಬಾರದ್ರಿ ಅಂತ ಚಾಚಿ ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ, ಆಗಲೆ ಬ್ಯಾನರ್ ನೆಟ್ಟಗ ಮಾಡಸಾಕ ಹೋಗಿದ್ದರು.

ನಾನು ವೇದಿಕೆ ಮೂಲ್ಯಾಗ ಮೈಕ್ ಹಿಡದು ನಿಂತಿದ್ದೆ. ಕೈಯಾಗಿನ ಚೀಟಿ ಮ್ಯಾಲ ಕಣ್ಣಿಟ್ಟೆ. ಹಾಡು ಒಮ್ಮೆ ಸುರುವಾದ್ರ ಎಲ್ಲಾ ಸರಿಹೋಗತೈತಿ ಅಂತ ನನಗ ನಾನ ಸುಳ್ಳು ಹೇಳಿಕೊಂಡೆ.

ಸರಿ ಹೋಗಲಿಲ್ಲ. ಅವ್ವ ಗೂಟದ ಮ್ಯಾಲ ಬರೇ ಕೈ ಇಟ್ಟು, ತಿರುವದ, ಮೊದಲ ಸಾಲು ಎತ್ತಿದಳು. ಮುಂದಿಂದು ಚಾಚಿ ಹಿಡೀಬೇಕು, ಅಕಿಗೆ ಅವ್ವನ ಮಾರಿ ಕಾಣವಲ್ಲದು, ಹಿಡಿಯಾಕ ತಡಾ ಆತು. ಅವ್ವ ಮತ್ತೊಮ್ಮೆ ಎತ್ತಿದಳು. ಇಬ್ಬರೂ ಒಮ್ಮಿಗೆ ಹಿಡದರು, ಒಮ್ಮಿಗೆ ಬಿಟ್ಟರು. ಹಿಂದ ಕುಂತ ಹುಡುಗರು ಸಿಳ್ಳಿ ಹೊಡದರು. ಕೆಲವರು ನಕ್ಕರು. ಅವ್ವನ ಕಿವಿ ಕೆಂಪಾದದ್ದು ನನಗ ಅಲ್ಲಿಂದನ ಕಂಡಿತು.

ಆವಾಗ ಚಾಚಿ ಎದ್ದಳು. ಸೀರಿ ನೀಟ ಮಾಡಕೊಂಡು, ಕಲ್ಲು ಬಳಸಿ ಬಂದು, ಅತಿಥಿಗಳ ಖುರ್ಚಿಗೆ ಬೆನ್ನ ಮಾಡಿ ಅವ್ವನ ಎದರಿಗೆ ಕುಂತಳು. ಗಂಟು ಬಿಚ್ಚಿ ಒಂದು ಹಿಡಿ ತೊಗರಿ ಕಲ್ಲಿನ ಬಾಯಿಗೆ ಹಾಕಿದಳು. ಇಬ್ಬರ ಕೈ ಗೂಟಕ್ಕ ಹೋದವು. ಕಲ್ಲು ತಿರಗಿತು. ಹಾಡು ಎದ್ದ ಬಿಡ್ತು. ಇಡೀ ಸಭಾಭವನ ಗಪ್ಪಾತು, ಸಿಳ್ಳಿ ಹೊಡದ ಹುಡುಗರೂ ಗಪ್. ನನ್ನ ಕ್ಲಾಸಿನ ಒಬ್ಬ ಹುಡುಗಿ ಫೋನ್ ಕೆಳಗಿಟ್ಟು ಎರಡೂ ಕೈ ಗದ್ದಕ್ಕ ಹಚ್ಚಿ ಕೇಳಾಕತ್ತಿದ್ದಳು. ಅಷ್ಟು ಖುಷಿ ನನಗ ಆ ಕಾಲೇಜಿನಾಗ ಎಂದೂ ಆಗಿರಲಿಲ್ಲ.

ಅವ್ವ ಕಡೀ ಹಿಡಿ ಕಾಳು ಹಾಕೂ ಹೊತ್ತಿಗೆ ಮುಖ್ಯ ಅತಿಥಿ ಬಾಗಿಲದಾಗ ಕಾಣಿಸಿಕೊಂಡರು. ತಾಸು ತಡಾ ಮಾಡಿ ಬಂದಿದ್ದರು. ಸಂಚಾಲಕರು ದೂರದಿಂದ ನನಗ ಮುಗಸ್ರಿ ಅಂತ ಕೈಸನ್ನಿ ಮಾಡಿದರು. ನಾನು ನೋಡಲಾರದಂಗ ನಿಂತೆ. ಬಬಲೇಶ್ವರದಾಕಿಗೆ ಹರಸೂದಾತು. ತಿಕೋಟಾದಾಕಿಗೆ ಹರಸೂದಾತು. ಅವ್ವ ದಮ್ಮು ಎಳಕೊಂಡಳು, ಮಾರಿ ಹುಡುಗರ ಕಡೆ ಎತ್ತಿದಳು. ಮುಂದಿಂದು ನನ್ನ ಹೆಸರು. ಅಷ್ಟರಾಗ ಸಂಚಾಲಕರು ನನ್ನ ಹಿಂದ ಬಂದು ನಿಂತಿದ್ದರು. ಮೆಲ್ಲಕ, ನಕ್ಕೋತ ಹೇಳಿದರು:

“ಮುಂದಿನ ವರ್ಷಾನೂ ನೀವು ನಮ್ಮ ಜೋಡಿ ಇರಬೇಕ್ರಿ ಮೇಡಂ. ಮುಗಸ್ರಿ.”

ನಾನು ಮುಗಿಸಿದೆ. “ಇಷ್ಟೊತ್ತು ತಮ್ಮ ಸುಮಧುರ ಗಾಯನದಿಂದ ನಮ್ಮನ್ನು ರಂಜಿಸಿದ ತಾಯಂದಿರಿಗೆ ಜೋರಾದ ಚಪ್ಪಾಳೆ” ಅಂತ ಮೈಕಿನಾಗ ಒದರಿದೆ. ಸ್ಪೀಕರಿನ ಸಪ್ಪಳದಾಗ ಅವ್ವನ ಧ್ವನಿ ಅಡಗಿ ಹೋತು. ಯಾರಿದು ನಡಕ ಬಾಯಿ ಹಾಕಿದ್ದು ಅಂತ ಅಕಿ ಅತ್ತ ಇತ್ತ ನೋಡಿದಳು. ನಾನ ಅಂತ ಗೊತ್ತಾದಕೂಡಲೆ ಬಾಯಿ ಮುಚ್ಚಿದಳು.

ಕಲ್ಲಿನಾಗ ಕಾಳು ಇನ್ನೂ ಇತ್ತು. ಅದಕ್ಕ ಅವ್ವ ಏಳಲಿಲ್ಲ, ಗೂಟ ಬಿಡಲಿಲ್ಲ. ಮುಖ್ಯ ಅತಿಥಿನ್ನ ಬರಮಾಡಿಕೊಳ್ಳಾಕ ಡೊಳ್ಳಿನವರು ವೇದಿಕೆ ಹತ್ತಿದರು. ಸ್ವಯಂಸೇವಕಿಯರಿಬ್ಬರು ಬಂದು ದಾರಿ ಬಿಡ್ರಿ ಅಜ್ಜಿ ಅಂತ ಹೇಳಿ, ಕಾಳಿನ ಸಮೇತ ಕಲ್ಲನ್ನ ಅಕಿ ಕೈಯಿಂದ ಬಿಡಿಸಿ ಜಗ್ಗಿಕೊಂಡು ಹೋದರು. ಅವ್ವ, ಚಾಚಿ ಇಬ್ಬರೂ ಬಗ್ಗಿ ಜಮಖಾನಿ ಮ್ಯಾಲ ಬಿದ್ದ ಬ್ಯಾಳಿ ಉಡಿಯಾಗ ತುಂಬಿಕೊಳ್ಳಾಕತ್ತಿದ್ದರು. ಮುಖ್ಯ ಅತಿಥಿ ಸನ್ಮಾನಕ್ಕ ವೇದಿಕೆ ಹತ್ತಿ, ಅದರ ಮ್ಯಾಲ ಬೂಟ ಇಟ್ಟು ನಡಕೊಂಡು ಹೋಗಿ ಅಲ್ಲಿ ತಂದಿಟ್ಟ ಖುರ್ಚಿ ಹಿಡದರು. ನಾನು ಅವರ ಸರಳತೆ, ಸಜ್ಜನಿಕೆ ಬಗ್ಗೆ ಚೀಟಿ ನೋಡಿ ಓದಾಕತ್ತಿದ್ದೆ.

ಸನ್ಮಾನ ಮುಗಿದ ಮ್ಯಾಲ ಸಂಚಾಲಕರು, ಬರೋಬ್ಬರಿ ಟೈಮಿಗೆ ಸಂಭಾಳಿಸಿದಿರಿ ಮೇಡಂ ಅಂತ ಹೊಗಳಿದರು. ಬೈಯಾಕ ಎಷ್ಟೋ ಮಾತು ನಾಲಿಗಿ ತುದಿಗೆ ಬಂದಿದ್ದವು. ಥ್ಯಾಂಕ್ಸ್ ಸರ ಅಂದೆ. ಆ ಮನಶ್ಯಾ ಕೆಟ್ಟಾಂವ ಅಂತ ಹೇಳಿ ಪಾರಾಗಬೇಕಂದ್ರ ಅದೂ ಆಗವಲ್ಲದು, ಅವರ ಕೈ ನನ್ನ ಬಾಯಿ ಮ್ಯಾಲ ಇರಲಿಲ್ಲ. ಒಂದು ನಿಮಿಷ ತಡೀರಿ ಅಂದಿದ್ರ ಮುಗೀತಿತ್ತು. ಅಷ್ಟ ಹೇಳಾಕ ಏಳು ವರ್ಷ ಕಲಿಸಿದ ಕನ್ನಡ ನನಗ ಸಾಲಲಿಲ್ಲ.

ಮಧ್ಯಾಹ್ನ ಆಟೋದಾಗ ಇಬ್ಬರನ್ನೂ ಬಸ್ ಸ್ಟ್ಯಾಂಡಿಗೆ ಕರಕೊಂಡು ಹೊಂಟೆ. ದಾರಿ ತುಂಬ ಸಂಚಾಲಕರನ್ನ ಬೈದೆ, ಮುಖ್ಯ ಅತಿಥಿನ್ನ ಬೈದೆ, ತೆಂಗಿನ ಗರಿ ಹೊಚ್ಚಿದವರನ್ನೂ ಬೈದೆ. ಬಿಡವಾ, ಆದದ್ದಾತು ಅಂತ ಚಾಚಿ ಒಮ್ಮೆ ಅಂದಳು. ಅವ್ವ ಉಡಿಯಾಗಿನ ಬ್ಯಾಳಿ ಗಂಟು ಕಟ್ಟಾಕತ್ತಿದ್ದಳು. ಬೈಯಲಿ, ಇಲ್ಲಾ ಒಂದು ಏಟು ಹಾಕಲಿ ಅಂತ ನಾನು ಕಾಯಾಕತ್ತಿದ್ದೆ.

ಬಸ್ಸಿನಾಗ ಕುಂತ ಮ್ಯಾಲ ಅಕಿ ಕಿಟಕಿಯಿಂದ ನನ್ನ ಕೈ ಹಿಡದಳು. ಮಾತಿನಾಗ ಸಿಟ್ಟಿರಲಿಲ್ಲ.

“ನೌಕರಿ ಅಂದ್ರ ಹಂಗ ಬೇ, ನಿಂದೇನ ತಪ್ಪಿಲ್ಲ. ನಂದ ತಪ್ಪು. ಮಂದಿ ಗದ್ದಲ ನೋಡಿ ನಿನ್ನ ಹೆಸರ ಮೊದಲ ಹಾಡಬೇಕಿತ್ತು ನಾನು.”

ಬಸ್ಸು ಹೊಂಟಿತು. ನಾನು ಹೊಳ್ಳಿ ಕಾಲೇಜಿಗೆ ಬಂದೆ, ಸ್ಟಾಫ್ ರೂಮಿನಾಗ ಕುಂತು ಶುಕ್ರವಾರದ ನಿರೂಪಣೆ ಬರದೆ.